ಒಂದೇ ಕೇಬಲ್ಲಿನಲ್ಲಿ ನೆಟ್‌ವರ್ಕೂ ಕರೆಂಟೂ: ಮನೆಗೆ, ತೋಟಕ್ಕೆ ಪಿಒಇ ಹಾಕುವ ಕ್ರಮ

ಅಡಿಕೆ ಒಣಗಿಸುವ ಅಂಗಳದ ಮೂಲೆಗೆ ಒಂದು ಕ್ಯಾಮೆರಾ ಬೇಕು. ನೆಟ್‌ವರ್ಕ್ ಕೇಬಲ್ ಎಳೆದರಷ್ಟೇ ಸಾಲದು. ಅಲ್ಲಿ ಪ್ಲಗ್ ಪಾಯಿಂಟೂ ಬೇಕು, ಮಳೆ ತಾಗದ ಹಾಗೆ ಅಡಾಪ್ಟರ್ ಇಡಲು ಡಬ್ಬಿಯೂ ಬೇಕು. ಕರೆಂಟು ಹೋದಾಗ ಆ ಪಾಯಿಂಟಿಗೆ ಇನ್ವರ್ಟರ್ ಲೈನೂ ಬೇಕು. ಈ ಮೂರು ಕೆಲಸವನ್ನೂ ತಪ್ಪಿಸುವುದೇ ಪಿಒಇ, ಅಂದರೆ ಪವರ್ ಓವರ್ ಈಥರ್ನೆಟ್. ನೆಟ್‌ವರ್ಕ್ ಕೇಬಲ್ಲಿನ ಎಂಟು ಎಳೆಗಳಲ್ಲೇ ಸುಮಾರು 48 ವೋಲ್ಟ್ ಡಿಸಿ ಹೋಗಿ ಸಾಧನವನ್ನು ನಡೆಸುತ್ತದೆ.

ಇಲ್ಲಿ ಉದಾಹರಣೆಗೆ ಮಲೆನಾಡಿನ ಒಂದು ತೋಟದ ಮನೆಯನ್ನು ಇಟ್ಟುಕೊಳ್ಳೋಣ. ರೂಟರ್ ಮತ್ತು ರೆಕಾರ್ಡರ್ ಜಗಲಿಯ ಪಕ್ಕದ ಕೋಣೆಯಲ್ಲಿವೆ. ಮುಂಬಾಗಿಲ ಕ್ಯಾಮೆರಾಕ್ಕೆ 25 ಮೀಟರ್, ಹಿತ್ತಿಲಿಗೆ 35, ಅಂಗಳಕ್ಕೆ 70, ಗೇಟಿಗೆ 130 ಮೀಟರ್ ಕೇಬಲ್ ಬೇಕು. ಮಾಳಿಗೆಯಲ್ಲಿ ಒಂದು ವೈಫೈ ಆಕ್ಸೆಸ್ ಪಾಯಿಂಟ್ ಇದೆ, ಅದಕ್ಕೆ 20 ಮೀಟರ್. ಪೇಟೆಯ ಮನೆ, ಶಾಲೆ, ಸಣ್ಣ ಕಚೇರಿಗೂ ಇದೇ ಲೆಕ್ಕ ನಡೆಯುತ್ತದೆ. ದೂರ ಮಾತ್ರ ಕಡಿಮೆ.

ಮೊದಲೇ ಹೇಳಿಬಿಡುವ ಮಾತೊಂದಿದೆ. ಪಿಒಇಯಲ್ಲಿ ಸ್ವಿಚ್ಚು (ಹಲವು ನೆಟ್‌ವರ್ಕ್ ಕೇಬಲ್ಲುಗಳನ್ನು ಒಂದೆಡೆ ಕೂಡಿಸಿ ಅವಕ್ಕೆ ಕರೆಂಟೂ ಕೊಡುವ ಡಬ್ಬಿ), ಕ್ಯಾಮೆರಾ ಎರಡೂ ತಮ್ಮ ಪಾಲಿನ ಎಚ್ಚರ ತಾವೇ ವಹಿಸುತ್ತವೆ. ತೊಂದರೆ ಬರುವುದು ನಡುವಿನ ತಂತಿಯಲ್ಲಿ ಮತ್ತು ತುದಿಯ ಕನೆಕ್ಟರಿನಲ್ಲಿ. ದುಡ್ಡು ಉಳಿಸುವುದಿದ್ದರೆ ಬೇರೆ ಕಡೆ ಉಳಿಸಿ, ಕೇಬಲ್ಲಿನಲ್ಲಿ ಬೇಡ.

ಡಬ್ಬಿಯ ಮೇಲಿನ ಬರಹ ಓದುವುದು

ಸಾಧನದ ಮೇಲೆ 802.3ಎಎಫ್, 802.3ಎಟಿ, 802.3ಬಿಟಿ ಎಂಬ ಮೂರರಲ್ಲಿ ಒಂದು ಇರುತ್ತದೆ. ಇವು ಐಇಇಇ ಸಂಸ್ಥೆಯ ಮಾನಕಗಳು. 2003ರ ಎಎಫ್‌ನಲ್ಲಿ ಸ್ವಿಚ್ಚು ಒಂದು ಪೋರ್ಟಿಗೆ 15.4 ವ್ಯಾಟ್ ಕೊಡುತ್ತದೆ. 100 ಮೀಟರ್ ತಂತಿಯಲ್ಲಿ ಸೋರಿಹೋಗುವುದನ್ನು ಕಳೆದು ಸಾಧನಕ್ಕೆ 12.95 ವ್ಯಾಟ್ ಸಿಗುವುದು ಖಾತ್ರಿ. 2009ರ ಎಟಿಯಲ್ಲಿ 30 ವ್ಯಾಟ್ ಹೊರಟು 25.5 ಮುಟ್ಟುತ್ತದೆ. 2018ರ ಬಿಟಿ ಎಂಟು ಎಳೆಗಳ ನಾಲ್ಕೂ ಜೋಡಿಗಳನ್ನು ಬಳಸಿ 60 ಅಥವಾ 90 ವ್ಯಾಟ್ ಕಳಿಸುತ್ತದೆ. ಆಚೆ ತುದಿಯಲ್ಲಿ ಕ್ರಮವಾಗಿ 51 ಮತ್ತು 71.3 ಸಿಗುತ್ತದೆ. ಸಾಮಾನ್ಯ ಕ್ಯಾಮೆರಾಕ್ಕೆ ಎಎಫ್ ಸಾಕು. ತಿರುಗುವ ದೊಡ್ಡ ಕ್ಯಾಮೆರಾ ಮತ್ತು ಹೊಸ ಆಕ್ಸೆಸ್ ಪಾಯಿಂಟುಗಳು ಹೆಚ್ಚಾಗಿ ಎಟಿ ಕೇಳುತ್ತವೆ. ಬಿಟಿ ಮನೆಗೆ ಬೇಕಾಗುವುದು ಅಪರೂಪ.

ಈ ಮೂರರಲ್ಲೂ ಸ್ವಿಚ್ಚು ಏಕಾಏಕಿ 48 ವೋಲ್ಟ್ ಬಿಡುವುದಿಲ್ಲ. ಮೊದಲು 2.7ರಿಂದ 10 ವೋಲ್ಟಿನ ಒಳಗೆ ಸಣ್ಣದಾಗಿ ತಟ್ಟಿ ನೋಡುತ್ತದೆ. ಆಚೆ ತುದಿಯಲ್ಲಿ ಸುಮಾರು 25 ಕಿಲೋ ಓಮ್ ರೋಧ ಕಂಡರೆ ಅದು ಪಿಒಇ ಸಾಧನವೆಂದು ಗೊತ್ತಾಗುತ್ತದೆ. ಆಮೇಲೆ 15.5ರಿಂದ 20.5 ವೋಲ್ಟ್ ಕೊಟ್ಟು ಎಷ್ಟು ಕರೆಂಟು ಎಳೆಯುತ್ತದೆಂದು ನೋಡಿ, ಅದು ಯಾವ ದರ್ಜೆಯದೆಂದು ತಿಳಿದು, ಕೊನೆಗೆ ಪೂರ್ತಿ ವೋಲ್ಟೇಜ್ ಬಿಡುತ್ತದೆ. ಸಾಧನವನ್ನು ಕಿತ್ತರೆ ಅರ್ಧ ಸೆಕೆಂಡಿನೊಳಗೆ ನಿಲ್ಲಿಸುತ್ತದೆ. ಆದ್ದರಿಂದ ಪಿಒಇ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಏನೂ ಆಗುವುದಿಲ್ಲ.

‘ಪ್ಯಾಸಿವ್ ಪಿಒಇ’ ಎಂಬುದು ಬೇರೆ ಜಾತಿ. ಚಾವಣಿಯ ಮೇಲಿನ ವೈರ್‌ಲೆಸ್ ಇಂಟರ್ನೆಟ್ ಆಂಟೆನಾಗಳ ಜೊತೆ ಬರುವ 24 ವೋಲ್ಟಿನ ಸಣ್ಣ ಇಂಜೆಕ್ಟರುಗಳು (ನೆಟ್‌ವರ್ಕ್ ಕೇಬಲ್ಲಿಗೆ ಕರೆಂಟು ಸೇರಿಸುವ ಡಬ್ಬಿಗಳು) ಹೆಚ್ಚಾಗಿ ಇದೇ. ಇದು ತಟ್ಟಿ ನೋಡುವುದಿಲ್ಲ, ಕೇಳುವುದಿಲ್ಲ, 4 ಮತ್ತು 5ನೇ ಎಳೆಗೆ ಧನ, 7 ಮತ್ತು 8ಕ್ಕೆ ಋಣ ಎಂದು ಸದಾ ವೋಲ್ಟೇಜ್ ಬಿಟ್ಟುಕೊಂಡೇ ಇರುತ್ತದೆ. ಅದರ ಕೇಬಲ್ಲನ್ನು ತಪ್ಪಿ ಲ್ಯಾಪ್‌ಟಾಪಿಗೋ ಟಿವಿಗೋ ಚುಚ್ಚಿದರೆ ಪೋರ್ಟಿನ ಒಳಗಿನ ಸಣ್ಣ ರೆಸಿಸ್ಟರುಗಳು ಸುಟ್ಟುಹೋಗಬಹುದು. ಮನೆಯಲ್ಲಿ ಅಂಥ ಇಂಜೆಕ್ಟರ್ ಇದ್ದರೆ ಅದರಿಂದ ಹೊರಡುವ ಕೇಬಲ್ಲಿನ ಎರಡೂ ತುದಿಗೆ ಕೆಂಪು ಟೇಪು ಸುತ್ತಿ. ಬೇರೆಯವರೂ ಆ ಕೇಬಲ್ ಮುಟ್ಟುತ್ತಾರೆ.

ವ್ಯಾಟ್ ಲೆಕ್ಕ ಮತ್ತು ಸ್ವಿಚ್ಚಿನ ಆಯ್ಕೆ

ಕ್ಯಾಮೆರಾ ಹಗಲು ಎಳೆಯುವ ವ್ಯಾಟ್ ಬೇರೆ, ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಎಳೆಯುವುದು ಬೇರೆ. ಡಬ್ಬಿಯಲ್ಲಿ ‘ಗರಿಷ್ಠ’ ಎಂದು ಬರೆದದ್ದನ್ನೇ ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಮೂರು ಕ್ಯಾಮೆರಾಕ್ಕೆ ತಲಾ 7ರಂತೆ 21, ಆಕ್ಸೆಸ್ ಪಾಯಿಂಟಿಗೆ 14, ಒಟ್ಟು 35 ವ್ಯಾಟ್. ಗೇಟಿನದು ದೂರ, ಅದನ್ನು ಆಮೇಲೆ ನೋಡೋಣ.

ಸ್ವಿಚ್ಚಿನಲ್ಲಿ ಎಂಟು ಪಿಒಇ ಪೋರ್ಟು, ಪ್ರತಿಯೊಂದಕ್ಕೂ 30 ವ್ಯಾಟ್ ಎಂದು ಅಚ್ಚು ಹಾಕಿರುತ್ತಾರೆ. ಎಂಟಕ್ಕೂ ಒಟ್ಟಿಗೆ 30 ಸಿಗುತ್ತದೆಂದು ಅದರರ್ಥ ಅಲ್ಲ. ಅಡಾಪ್ಟರಿನ ಮೇಲೆ ನೋಡಿ: 52 ವೋಲ್ಟ್, 1.25 ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಬರುವ 65 ವ್ಯಾಟೇ ಇಡೀ ಸ್ವಿಚ್ಚಿನ ಬಂಡವಾಳ. ಸ್ವಿಚ್ಚು ತನಗೂ ಅದರಲ್ಲೇ ಸ್ವಲ್ಪ ತೆಗೆದುಕೊಳ್ಳುತ್ತದೆ. 35 ವ್ಯಾಟ್ ಬೇಕಿದ್ದಲ್ಲಿ 65ರದನ್ನು ಕೊಂಡರೆ ಮುಂದೆ ಇನ್ನೆರಡು ಕ್ಯಾಮೆರಾ ಸೇರಿಸಲು ಜಾಗ ಉಳಿಯುತ್ತದೆ. ಕೆಲವು ಸ್ವಿಚ್ಚುಗಳು ನಿಜವಾಗಿ ಎಳೆದಷ್ಟನ್ನು ಲೆಕ್ಕ ಹಿಡಿಯದೆ, ದರ್ಜೆಗೆ ತಕ್ಕಂತೆ 15.4 ವ್ಯಾಟನ್ನು ಪೂರ್ತಿ ಮೀಸಲಿಡುತ್ತವೆ. ಅಂಥದ್ದರಲ್ಲಿ 65 ವ್ಯಾಟಿಗೆ ನಾಲ್ಕೇ ಕ್ಯಾಮೆರಾ ಹಿಡಿಯುತ್ತವೆ.

ಒಂದೇ ಸಾಧನ ಇದ್ದರೆ ಸ್ವಿಚ್ಚು ಬೇಡ, ಒಂದು ಇಂಜೆಕ್ಟರ್ ಸಾಕು. ಅದರ ಮೇಲೆ 802.3ಎಎಫ್ ಅಥವಾ ಎಟಿ ಎಂದು ಬರೆದಿರಲೇಬೇಕು. ಬರೀ ‘48 ವೋಲ್ಟ್ ಪಿಒಇ’ ಎಂದಷ್ಟೇ ಇದ್ದರೆ ಅದು ಪ್ಯಾಸಿವ್ ಇರಬಹುದು.

12 ವೋಲ್ಟಿನ ಅಗ್ಗದ ದಾರಿ ಏಕೆ ಬೇಡ

ಪೇಟೆಯಲ್ಲಿ ಒಂದು ಜೋಡಿ ಸಣ್ಣ ಕೇಬಲ್ ಸಿಗುತ್ತದೆ. ಒಂದು ತುದಿಯಲ್ಲಿ 12 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ 12 ವೋಲ್ಟನ್ನೇ ತೆಗೆದು ಕ್ಯಾಮೆರಾಕ್ಕೆ ಕೊಡುವುದು. ಹತ್ತು ಮೀಟರಿನ ಒಳಗೆ ನಡೆಯುತ್ತದೆ. ಐವತ್ತು ಮೀಟರಿನಲ್ಲಿ ಏನಾಗುತ್ತದೆ ನೋಡಿ.

ಶುದ್ಧ ತಾಮ್ರದ ಕ್ಯಾಟ್5ಇ (ನೆಟ್‌ವರ್ಕ್ ಕೇಬಲ್ಲಿನ ಒಂದು ದರ್ಜೆ) ಎಳೆಗೆ 100 ಮೀಟರಿಗೆ ಸುಮಾರು 8.4 ಓಮ್ ರೋಧ. ಎರಡು ಎಳೆ ಸೇರಿ ಹೋಗುತ್ತವೆ, ಎರಡು ಸೇರಿ ಮರಳುತ್ತವೆ. ಹಾಗಾಗಿ 50 ಮೀಟರಿಗೆ ಹೋಗಿಬರುವ ಒಟ್ಟು ರೋಧ 4.2 ಓಮ್. ಕ್ಯಾಮೆರಾಕ್ಕೆ 6 ವ್ಯಾಟ್ ಬೇಕು. ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಲೆಕ್ಕ ಮಾಡಿದರೆ ಕ್ಯಾಮೆರಾದ ಹತ್ತಿರ 9.3 ವೋಲ್ಟ್ ಉಳಿಯುತ್ತದೆ. ಇನ್ನು ತಾಮ್ರದ ಬದಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಹಾಕಿದರೆ ರೋಧ ಸುಮಾರು 6.7 ಓಮ್ ಆಗುತ್ತದೆ. ಆಗ ಆ ತಂತಿಯಿಂದ ಆಚೆಗೆ ಕಳಿಸಲಾಗುವ ಗರಿಷ್ಠ ಶಕ್ತಿಯೇ ಸುಮಾರು 5.4 ವ್ಯಾಟ್. 6 ವ್ಯಾಟ್ ಯಾವ ಕಾರಣಕ್ಕೂ ದಾಟುವುದಿಲ್ಲ. ಹಗಲು 3 ವ್ಯಾಟಿನಲ್ಲಿ ಚೆನ್ನಾಗಿ ಓಡುವ ಕ್ಯಾಮೆರಾ, ಸಂಜೆ ಏಳಕ್ಕೆ ದೀಪ ಹೊತ್ತಿಸಿದ ಕೂಡಲೇ ಬೀಳುತ್ತದೆ, ಎದ್ದು ಮತ್ತೆ ದೀಪ ಹೊತ್ತಿಸುತ್ತದೆ, ಮತ್ತೆ ಬೀಳುತ್ತದೆ. ಕ್ಯಾಮೆರಾ ಕೆಟ್ಟಿದೆಯೆಂದು ಅಂಗಡಿಗೆ ಒಯ್ದರೆ ಅಲ್ಲಿ ಸರಿಯಾಗಿಯೇ ಇರುತ್ತದೆ.

ಅದೇ 6 ವ್ಯಾಟನ್ನು 48 ವೋಲ್ಟಿನಲ್ಲಿ ಕಳಿಸಿದರೆ ಕರೆಂಟು 0.125 ಆಂಪಿಯರ್ ಮಾತ್ರ. ಅದೇ 50 ಮೀಟರ್ ತಾಮ್ರದಲ್ಲಿ ಇಳಿಯುವುದು ಅರ್ಧ ವೋಲ್ಟು. ಪಿಒಇ 48 ವೋಲ್ಟನ್ನು ಆರಿಸಿಕೊಂಡಿರುವುದು ಇದಕ್ಕೇ.

ಕೇಬಲ್ ಕೊಳ್ಳುವಾಗ

305 ಮೀಟರಿನ ಪೆಟ್ಟಿಗೆಯ ಮೇಲೆ ‘ಸಿಸಿಎ’ ಎಂದಿದ್ದರೆ ಅದೇ ಅಲ್ಯೂಮಿನಿಯಂ ತಂತಿ. ಎಷ್ಟೋ ಪೆಟ್ಟಿಗೆಗಳಲ್ಲಿ ಅದನ್ನೂ ಬರೆದಿರುವುದಿಲ್ಲ. ಪರೀಕ್ಷೆ ಸುಲಭ. ಒಂದು ಎಳೆಯ ತುದಿಯನ್ನು ಬ್ಲೇಡಿನಿಂದ ಹೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಅದೇ ಎಳೆಯನ್ನು ಒಂದೇ ಜಾಗದಲ್ಲಿ ಅತ್ತಿತ್ತ ಮಡಚಿ: ಅಲ್ಯೂಮಿನಿಯಂ ನಾಲ್ಕಾರು ಸಲಕ್ಕೆ ಪಟ್ಟೆಂದು ತುಂಡಾಗುತ್ತದೆ, ತಾಮ್ರ ಹೆಚ್ಚು ತಾಳುತ್ತದೆ.

ಇನ್ನೂ ಖಚಿತ ಬೇಕೆಂದರೆ ಮಲ್ಟಿಮೀಟರ್ ತೆಗೆಯಿರಿ. ಒಂದು ತುದಿಯಲ್ಲಿ ನೀಲಿ ಮತ್ತು ಬಿಳಿ-ನೀಲಿ ಎಳೆಗಳನ್ನು ಸುಲಿದು ಒಂದಕ್ಕೊಂದು ಹೆಣೆಯಿರಿ. ಇನ್ನೊಂದು ತುದಿಯಲ್ಲಿ ಆ ಎರಡರ ನಡುವಿನ ಓಮ್ ಅಳೆಯಿರಿ. ಮೀಟರಿನ ಎರಡು ಮೊನೆ ಮುಟ್ಟಿಸಿದಾಗ ತೋರುವ ಓಮನ್ನು ಕಳೆಯಿರಿ. 100 ಮೀಟರ್ ಕ್ಯಾಟ್5ಇ ತಾಮ್ರಕ್ಕೆ ಸುಮಾರು 17, ಕ್ಯಾಟ್6ಕ್ಕೆ ಸುಮಾರು 13.5 ಓಮ್ ಬರಬೇಕು. ಅದೇ ಉದ್ದಕ್ಕೆ 25ರ ಮೇಲೆ ಹೋದರೆ ಆ ಕೇಬಲ್ ವಾಪಸ್ ಕೊಡಿ.

ಹೊರಗೆ ಹೋಗುವ ಭಾಗಕ್ಕೆ ಕಪ್ಪು ಪಾಲಿಥೀನ್ ಹೊದಿಕೆಯ ಹೊರಾಂಗಣ ಕೇಬಲ್ ತೆಗೆದುಕೊಳ್ಳಿ. ಬೂದು ಬಣ್ಣದ ಪಿವಿಸಿ ಕೇಬಲ್ಲು ಬಿಸಿಲಿಗೆ ಬಿರುಕು ಬಿಡುತ್ತದೆ, ಬಿರುಕಿನಿಂದ ಮಳೆನೀರು ಒಳಗೆ ಇಳಿದು ಕೇಬಲ್ಲಿನ ಉದ್ದಕ್ಕೂ ಹರಿಯುತ್ತದೆ. ಅಂಗಳಕ್ಕೆ ಹೋಗುವುದನ್ನು ಪೈಪಿನೊಳಗೆ ಹಾಯಿಸಿ, ಪೈಪಿನ ಎರಡೂ ಬಾಯಿ ಮುಚ್ಚಿ. ಇಲಿ, ಅಳಿಲು, ಇರುವೆ ಮೂರಕ್ಕೂ ಇದೇ ಮದ್ದು. 230 ವೋಲ್ಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ.

ಕನೆಕ್ಟರ್ ಹಾಕುವುದು

ಇಲ್ಲಿ ಆತುರ ಬೇಡ. ಕೇಬಲ್ ಎಳೆದಾದ ಮೇಲೆ, ಕನೆಕ್ಟರ್ ಹಾಕುವ ಮುಂಚೆ, ಕ್ಯಾಮೆರಾ ಡಬ್ಬಿಯಲ್ಲಿ ಬರುವ ಜಲನಿರೋಧಕ ಗ್ಲ್ಯಾಂಡಿನ (ಕನೆಕ್ಟರಿಗೆ ನೀರು ಹೋಗದ ಹಾಗೆ ಕೇಬಲ್ಲಿನ ಸುತ್ತ ಬಿಗಿಯುವ ಮುಚ್ಚಳದ) ಭಾಗಗಳನ್ನು ಕೇಬಲ್ಲಿಗೆ ಪೋಣಿಸಿ. ಕನೆಕ್ಟರ್ ಹಾಕಿದ ಮೇಲೆ ಅವು ತೂರುವುದಿಲ್ಲ. ಆಗ ಬಹಳ ಮಂದಿ ಗ್ಲ್ಯಾಂಡನ್ನು ಬಿಟ್ಟು ಇನ್ಸುಲೇಷನ್ ಟೇಪು ಸುತ್ತುತ್ತಾರೆ, ಮೊದಲ ಮಳೆಗಾಲದಲ್ಲೇ ಅದು ಕೈಕೊಡುತ್ತದೆ.

ಹೊರಸಿಪ್ಪೆಯನ್ನು 25ರಿಂದ 30 ಮಿಲಿಮೀಟರ್ ಸುಲಿಯಿರಿ. ಒಳ ಎಳೆಗಳಿಗೆ ಬ್ಲೇಡು ತಾಗಿದ ಗುರುತಿದ್ದರೆ ಕತ್ತರಿಸಿ ಮತ್ತೆ ಮೊದಲಿಂದ ಮಾಡಿ. ಬಣ್ಣಗಳ ಕ್ರಮ ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರಿನ ಲಾಚು ಕೆಳಗೆ ಇರಬೇಕು. ಎರಡೂ ತುದಿಯಲ್ಲಿ ಇದೇ ಕ್ರಮ. ಹಸಿರು ಜೋಡಿ 3 ಮತ್ತು 6ರಲ್ಲಿ ಕೂರುತ್ತದೆ, ನಡುವೆ ನೀಲಿ. ಇದು ಕಣ್ಣಿಗೆ ವಿಚಿತ್ರವಾಗಿ ಕಾಣುತ್ತದೆಂದು ಜೋಡಿಗಳನ್ನು ಸಾಲಾಗಿ ಇಟ್ಟುಬಿಟ್ಟರೆ ಎರಡೂ ತುದಿ ಹೊಂದುವುದರಿಂದ ಟೆಸ್ಟರಿನ ಎಂಟೂ ದೀಪ ಹೊತ್ತುತ್ತವೆ, ಕರೆಂಟೂ ಹೋಗುತ್ತದೆ, ಆದರೆ ದೂರ ಹೆಚ್ಚಾದಂತೆ ಡೇಟಾ ಒಡೆಯುತ್ತದೆ. ಹೆಣೆದ ಎರಡು ಎಳೆಗಳು ಒಂದೇ ಸಂಕೇತವನ್ನು ಹೊತ್ತರೆ ಮಾತ್ರ ಗದ್ದಲ ಕಳೆಯುತ್ತದೆ.

ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಎಳೆಗಳನ್ನು ನೇರ ಮಾಡಿ, ಸಮವಾಗಿ ಕತ್ತರಿಸಿ ಒಳಗೆ ತಳ್ಳಿ. ಕನೆಕ್ಟರಿನ ಮುಂಬದಿಯಿಂದ ಎಂಟು ತಾಮ್ರದ ಚುಕ್ಕಿಗಳೂ ಕಾಣಬೇಕು, ಹಿಂಬದಿಯಲ್ಲಿ ಹೊರಸಿಪ್ಪೆ ಪ್ಲಾಸ್ಟಿಕ್ ಹಿಡಿಕೆಯ ಅಡಿಗೆ ಹೋಗಿರಬೇಕು. ಆಮೇಲೆ ಕ್ರಿಂಪಿಂಗ್ ಟೂಲಿನಿಂದ ಪೂರ್ತಿ ಒತ್ತಿ, ಒಮ್ಮೆ ಎಳೆದು ನೋಡಿ. ಕ್ಯಾಟ್6ರ ಎಳೆ ದಪ್ಪ, ಕ್ಯಾಟ್5ಇ ಕನೆಕ್ಟರಿಗೆ ಬಲವಂತವಾಗಿ ತುರುಕಿದರೆ ಒಂದೆರಡು ಎಳೆ ಅರ್ಧಕ್ಕೇ ನಿಲ್ಲುತ್ತವೆ. ಕ್ಯಾಟ್6ಕ್ಕೆ ಕ್ಯಾಟ್6ರ ಕನೆಕ್ಟರೇ ಬೇಕು.

ನೂರು ರೂಪಾಯಿಯ ಆಸುಪಾಸಿನ ಟೆಸ್ಟರು ಎಳೆ ಕೂಡಿದೆಯೇ ಎಂದಷ್ಟೇ ಹೇಳುತ್ತದೆ. ಎಷ್ಟು ಗಟ್ಟಿಯಾಗಿ ಕೂಡಿದೆ ಎಂದು ಹೇಳುವುದಿಲ್ಲ. ಅರ್ಧ ಕಚ್ಚಿದ ಎಳೆಯಲ್ಲಿ ರೋಧ ಹೆಚ್ಚು, ಅದರ ಪಾಲಿನ ಕರೆಂಟೆಲ್ಲ ಜೊತೆಯ ಎಳೆಗೆ ಹೋಗುತ್ತದೆ. ಈ ಅಸಮತೋಲ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರನ್ನು ತುಂಬಿಸಿಬಿಟ್ಟು ಡೇಟಾ ಕೆಡಿಸುತ್ತದೆ. ಕ್ಯಾಮೆರಾ ಓಡುತ್ತಿದೆ, ಚಿತ್ರ ಮಾತ್ರ ತುಂಡು ತುಂಡು ಎಂದಾದರೆ ಬೇರೆಲ್ಲೂ ಹುಡುಕದೆ ಎರಡೂ ಕನೆಕ್ಟರ್ ಕತ್ತರಿಸಿ ಹೊಸತು ಹಾಕಿ.

ಚಾಲೂ ಮಾಡುವುದು

ಎಲ್ಲವನ್ನೂ ಒಮ್ಮೆಗೇ ಚುಚ್ಚಬೇಡಿ. ಮೊದಲು ಕ್ಯಾಮೆರಾವನ್ನು ಸ್ವಿಚ್ಚಿನ ಪಕ್ಕದಲ್ಲೇ ಒಂದು ಮೀಟರ್ ಕೇಬಲ್ಲಿನಲ್ಲಿ ಓಡಿಸಿ ನೋಡಿ, ಆಮೇಲೆ ಏಣಿ ಹತ್ತಿ. ಒಂದೊಂದೇ ಕೂಡಿಸುತ್ತಾ ಪಿಒಇ ದೀಪ ಹೊತ್ತುವವರೆಗೆ ಕಾಯಿರಿ. ಕೊನೆಗೆ ಕತ್ತಲಾದ ಮೇಲೆ ಎಲ್ಲ ಕ್ಯಾಮೆರಾಗಳ ದೀಪ ಹೊತ್ತಿರುವಾಗ ಅರ್ಧ ಗಂಟೆ ನೋಡಿ. ನಿಜವಾದ ಪರೀಕ್ಷೆ ಅದೇ.

ಕೇಬಲ್ ಕೀಳುವಾಗ ಪೋರ್ಟಿನ ಪವರ್ ಆರಿಸಿ ಕೀಳುವುದು ಒಳ್ಳೆಯದು. ಕರೆಂಟು ಹರಿಯುವಾಗ ಎಳೆದರೆ ಪಿನ್ನಿನ ಚಿನ್ನದ ಲೇಪದ ಮೇಲೆ ಸಣ್ಣ ಕಿಡಿ ಹಾರುತ್ತದೆ. ಒಂದೆರಡು ಸಲಕ್ಕೆ ಏನಾಗದು, ದಿನಾ ಮಾಡಿದರೆ ಸವೆಯುತ್ತದೆ.

130 ಮೀಟರಿನ ಗೇಟು ಮತ್ತು ಸಿಡಿಲು

ಮಾನಕ ಹೇಳುವ ಮಿತಿ 100 ಮೀಟರ್. ಕ್ಯಾಮೆರಾಗಳಿಗೆಂದೇ ಮಾರುವ ಹಲವು ಸ್ವಿಚ್ಚುಗಳಲ್ಲಿ ‘ಎಕ್ಸ್‌ಟೆಂಡ್’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ವೇಗ 10 ಮೆಗಾಬಿಟ್ಟಿಗೆ ಇಳಿದು 250 ಮೀಟರ್ ವರೆಗೆ ಹೋಗುತ್ತದೆ. 4 ಮೆಗಾಬಿಟ್ಟಿನ ಒಂದು ಕ್ಯಾಮೆರಾಕ್ಕೆ ಅಷ್ಟು ಸಾಲುತ್ತದೆ. 130 ಮೀಟರ್ ತಾಮ್ರದ ರೋಧವೂ 11 ಓಮ್ ಮಾತ್ರ, 7 ವ್ಯಾಟಿಗೆ ಅದೂ ತೊಂದರೆಯಲ್ಲ. ಲೆಕ್ಕದ ಪ್ರಕಾರ ನಡೆಯುತ್ತದೆ.

ಆದರೂ ಮಲೆನಾಡಿನಲ್ಲಿ ಗೇಟಿಗೆ ತಾಮ್ರ ಎಳೆಯಬೇಡಿ ಎಂದೇ ನಮ್ಮ ಸಲಹೆ. ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲು ಆ ತಂತಿಗೆ ನೇರವಾಗಿ ಬಡಿಯಬೇಕೆಂದಿಲ್ಲ. ಹತ್ತಿರದ ತೆಂಗಿನ ಮರಕ್ಕೆ ಬಡಿದರೂ 130 ಮೀಟರಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಪ್ರೇರಿತವಾಗುತ್ತದೆ. ಗೇಟಿನ ನೆಲ ಮತ್ತು ಮನೆಯ ನೆಲದ ವೋಲ್ಟೇಜ್ ಆ ಕ್ಷಣಕ್ಕೆ ಬೇರೆಬೇರೆ ಆಗಿರುತ್ತದೆ, ಆ ವ್ಯತ್ಯಾಸವೂ ಈ ತಂತಿಯಲ್ಲೇ ಹರಿಯುತ್ತದೆ. ಗೇಟಿನ ಕ್ಯಾಮೆರಾ ಜೊತೆ ಸ್ವಿಚ್ಚು, ರೆಕಾರ್ಡರ್, ರೂಟರ್ ಎಲ್ಲವೂ ಹೋಗುತ್ತವೆ.

ಬೆಳಕಿನಲ್ಲಿ ಡೇಟಾ ಒಯ್ಯುವ ಫೈಬರ್ ಕೇಬಲ್ಲಿಗೆ ಈ ಭಯ ಇಲ್ಲ. ತಾಮ್ರದ ಸಂಕೇತವನ್ನು ಬೆಳಕಿಗೂ ಬೆಳಕನ್ನು ತಾಮ್ರಕ್ಕೂ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್ ಬೇಕು. ಒಂದೇ ಎಳೆಯ ಫೈಬರಿನದಾದರೆ ಒಂದು ‘ಎ’, ಇನ್ನೊಂದು ‘ಬಿ’ ಆಗಿರಬೇಕು: ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದರ ತಿರುಗಾಮುರುಗಾ. ಎರಡೂ ‘ಎ’ ತಂದರೆ ಲಿಂಕ್ ದೀಪವೇ ಹೊತ್ತುವುದಿಲ್ಲ. ಫೈಬರಿನ ಜೊತೆ ಆಸರೆಗೆ ಉಕ್ಕಿನ ತಂತಿ ಇದ್ದರೆ ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಗೆ ತರಬೇಡಿ. ಇಲ್ಲದಿದ್ದರೆ ಫೈಬರ್ ಹಾಕಿದ ಫಲವೇ ಹೋಗುತ್ತದೆ. ಗೇಟಿನಲ್ಲಿ ಕರೆಂಟು ಬೇರೆ ಬೇಕಾಗುತ್ತದೆ: ಗೇಟಿನ ದೀಪದ ಲೈನು ಅಥವಾ ಸಣ್ಣ ಸೋಲಾರ್, ಅಲ್ಲೊಂದು ಇಂಜೆಕ್ಟರ್.

ಅಂಗಳದ 70 ಮೀಟರ್ ತಾಮ್ರಕ್ಕೆ ಎರಡೂ ತುದಿಯಲ್ಲಿ ಪಿಒಇಗೆಂದೇ ಮಾಡಿದ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿ. ಅದರ ಹಸಿರು ವೈರನ್ನು ಅರ್ಥಿಂಗಿಗೆ ಜೋಡಿಸದೆ ಬಿಟ್ಟರೆ ಅದು ಬರೀ ಅಲಂಕಾರ. ಅರ್ಥ್ ವೈರು ಗಿಡ್ಡವಿದ್ದಷ್ಟೂ ಒಳ್ಳೆಯದು, ಸುರುಳಿ ಸುತ್ತಿಡಬೇಡಿ.

ಕರೆಂಟು ಹೋದಾಗ

ಸ್ವಿಚ್ಚೊಂದನ್ನು ಬ್ಯಾಟರಿಗೆ ಕೂಡಿಸಿದರೆ ಎಲ್ಲ ಕ್ಯಾಮೆರಾಗಳೂ ಬ್ಯಾಟರಿಯ ಮೇಲೆ ಬಂದ ಹಾಗೆ. ಸ್ವಿಚ್ಚು, ರೆಕಾರ್ಡರ್, ರೂಟರ್ ಸೇರಿ ಸುಮಾರು 70 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯ ಸಣ್ಣ ಯುಪಿಎಸ್ ಮುಕ್ಕಾಲು ಗಂಟೆಯೂ ಬರಲಿಕ್ಕಿಲ್ಲ. 150 ಆಂಪಿಯರ್-ಅವರಿನ ಇನ್ವರ್ಟರ್ ಬ್ಯಾಟರಿ ಬೇರೆ ಏನೂ ಓಡದಿದ್ದರೆ ಹದಿನೈದು ಗಂಟೆಯ ಮೇಲೆ ಎಳೆಯುತ್ತದೆ. ಇನ್ವರ್ಟರಿನ ಹಿಂಬದಿಯ ಗುಂಡಿಯನ್ನು ‘ಯುಪಿಎಸ್’ ಕಡೆಗೆ ಹಾಕಿ. ‘ನಾರ್ಮಲ್’ ಕಡೆ ಇದ್ದರೆ ಬದಲಾಗುವ ಗಳಿಗೆಯಲ್ಲಿ ಸ್ವಿಚ್ಚು ಸತ್ತು ಹುಟ್ಟಬಹುದು. ಆಗ ಎಲ್ಲ ಕ್ಯಾಮೆರಾಗಳೂ ಮತ್ತೆ ಏಳುವುದಕ್ಕೆ ಒಂದೆರಡು ನಿಮಿಷ ಹಿಡಿಯುತ್ತದೆ.

ಕೆಟ್ಟಾಗ ಎಲ್ಲಿ ನೋಡುವುದು

ಐದನೆಯ ಕ್ಯಾಮೆರಾ ಹಾಕಿದೊಡನೆ ಬೇರೊಂದು ಬಿದ್ದರೆ ಸ್ವಿಚ್ಚಿನ ವ್ಯಾಟ್ ಮುಗಿದಿದೆ. ಆಕ್ಸೆಸ್ ಪಾಯಿಂಟು ಏಳುತ್ತದೆ, ಆದರೆ ಒಂದು ರೇಡಿಯೋ ಮಾತ್ರ ಕೆಲಸ ಮಾಡುತ್ತದೆಂದಾದರೆ ಎಟಿ ಕೇಳುವ ಸಾಧನಕ್ಕೆ ಎಎಫ್ ಪೋರ್ಟು ಸಿಕ್ಕಿದೆ. ಗಿಗಾಬಿಟ್ ಸಾಧನ 100 ಮೆಗಾಬಿಟ್ಟಿನಲ್ಲಿ ಕೂತಿದ್ದರೆ ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ತುಂಡಾಗಿರುವುದು ಹೆಚ್ಚು. ಇಂಜೆಕ್ಟರ್ ಹಾಕಿದಾಗ ಏನೂ ಹೊತ್ತದಿದ್ದರೆ ಅದರ ‘ಲ್ಯಾನ್’ ಮತ್ತು ‘ಪಿಒಇ’ ಬಾಯಿಗಳು ಅದಲುಬದಲಾಗಿವೆಯೇ ನೋಡಿ. ಒಂದೇ ಕೇಬಲ್ಲಿನ ನಾಲ್ಕು ಎಳೆ ಒಂದು ಕ್ಯಾಮೆರಾಕ್ಕೆ, ನಾಲ್ಕು ಇನ್ನೊಂದಕ್ಕೆ ಎಂದು ಹಂಚಿದ್ದರೆ ಅದನ್ನು ಮೊದಲು ಬಿಡಿಸಿ.

ಆರು ತಿಂಗಳು ಚೆನ್ನಾಗಿ ಓಡಿ, ಮಳೆ ಹಿಡಿದ ಮೇಲೆ ಬಿಟ್ಟು ಬಿಟ್ಟು ಹೋಗುವ ಕ್ಯಾಮೆರಾ ಇದ್ದರೆ ಅದರ ಕನೆಕ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಎಂಟು ಪಿನ್ನುಗಳಲ್ಲಿ ಎರಡು ಮಾತ್ರ ಹಸಿರಾಗಿ, ಅಥವಾ ಕಪ್ಪಾಗಿ ತಿಂದುಹೋಗಿರುತ್ತವೆ, ಪಕ್ಕದವು ಹೊಳೆಯುತ್ತಲೇ ಇರುತ್ತವೆ. ತೇವದ ನಡುವೆ ಡಿಸಿ ನಿಂತಾಗ ಧನ ಬದಿಯ ಲೋಹ ಕರಗುತ್ತದೆ. ಆ ಎರಡು ಪಿನ್ನು ಧನದವು. ಒರೆಸಿ ಹಾಕಿದರೆ ವಾರ ಬರುತ್ತದೆ ಅಷ್ಟೆ. ಕನೆಕ್ಟರ್ ಕತ್ತರಿಸಿ ಹೊಸತು ಹಾಕಿ, ಕ್ಯಾಮೆರಾದ ಕಡೆಯ ಸಾಕೆಟ್ಟನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸಿ, ಗ್ಲ್ಯಾಂಡನ್ನು ಬಿಗಿಯಾಗಿ ತಿರುಗಿಸಿ. ಕೇಬಲ್ಲು ಡಬ್ಬಿಗೆ ಸೇರುವ ಮುಂಚೆ ಒಂದು ಗೇಣು ಕೆಳಗೆ ಇಳಿದು ಮತ್ತೆ ಮೇಲೇರುವ ಹಾಗೆ ಬಾಗಿಸಿ ಕಟ್ಟಿ. ಹರಿದು ಬಂದ ನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರಿನ ವರೆಗೆ ಹೋಗುವುದಿಲ್ಲ.